ಗಂಜ್‌ನ ಅಡತ ಅಂಗಡಿಯಲ್ಲಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್: ಹನ್ನೊಂದು ವರ್ಷದ ಬಳಕೆ

ಐದರಲ್ಲಿ ನಾಲ್ಕು ನಕ್ಷತ್ರ. ಕಡಿದ ಒಂದು, ಅಕ್ಷರ ಕೂಡಿಡುವ ಪದ್ಧತಿಗೆ ಮೈಎಸ್‌ಕ್ಯೂಎಲ್ ಇಟ್ಟ 'ಯುಟಿಎಫ್8' ಎಂಬ ಸುಳ್ಳು ಹೆಸರಿಗೆ.

ಕಲಬುರಗಿಯ ನೆಹರೂ ಗಂಜ್‌ನಲ್ಲಿ ರೈತರ ತೊಗರಿಯನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಪ್ರೋಗ್ರಾಮ್ ಬರೆಯುವುದು ಪಿಎಚ್‌ಪಿ ಭಾಷೆಯಲ್ಲಿ, ಲೆಕ್ಕ ಕೂಡಿಡುವುದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ. ಮೊದಲ ಸೀಸನ್ನಿನಲ್ಲೇ ಪೆಟ್ಟು ಬಿತ್ತು. ಪಟ್ಟಿ, ಅಂದರೆ ಮಾಲಿನ ಬಿಲ್ಲು, ಫಾರ್ಮ್‌ನಿಂದ ನೇರವಾಗಿ ಪ್ರಿಂಟ್ ಆಗುತ್ತಿದ್ದರಿಂದ ವಾರಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಖಾತೆ ತೆಗೆದು ನೋಡಿದ ದಿನ ಗುಮಾಸ್ತರ ಫೋನು: "ಸರ್, ರೈತರ ಹೆಸರೆಲ್ಲಾ ಪ್ರಶ್ನೆ ಆಗ್ಯಾವಲ್ರಿ!"

ಊರಿನ ಕಾಲಮ್ಮಿನಲ್ಲಿ 'ಕಲಬುರಗಿ' ಇರಬೇಕಾದಲ್ಲಿ ಸಾಲಾಗಿ ಏಳು ಪ್ರಶ್ನಾರ್ಥಕ ಚಿಹ್ನೆ (ಕಂಪ್ಯೂಟರಿಗೆ ಗುಡಿಸು, ಕೊಂಬು, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಅಕ್ಷರವೇ). ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವಿನ ಸಂಪರ್ಕವನ್ನು ಯುಟಿಎಫ್8ಕ್ಕೆ ಹೊಂದಿಸಿದ್ದೆ, ಟೇಬಲ್ ನೋಡಿರಲಿಲ್ಲ. ಅದು ಹಳೆಯ ಡಿಫಾಲ್ಟ್ ಆದ, ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಬಲ್ಲ ಲ್ಯಾಟಿನ್1ರಲ್ಲಿ, ಸ್ವೀಡಿಷ್ ಅಕ್ಷರಕ್ರಮ ಹಚ್ಚಿಕೊಂಡು ಕೂತಿತ್ತು. ಗಂಜ್‌ಗೂ ಸ್ವೀಡನ್ನಿಗೂ ಎಲ್ಲಿಯ ನಂಟೋ! ಹೀಗೆ ಪ್ರಶ್ನೆಯಾದ ಅಕ್ಷರ ಮರಳಿ ಬರುವುದಿಲ್ಲ. ಪಟ್ಟಿಯ ಕಾರ್ಬನ್ ಪ್ರತಿ ಇಟ್ಟುಕೊಂಡು ನಾನೂ ಗುಮಾಸ್ತರೂ ನಾಲ್ಕು ರಾತ್ರಿ ಹೆಸರು ಹೊಡೆದೆವು.

ಇನ್ನೊಂದು ಅಂಗಡಿಯ ಕಥೆ ಇದಕ್ಕೆ ತಿರುವುಮುರುವು. ಟೇಬಲ್ ಯುಟಿಎಫ್8, ಸಂಪರ್ಕ ಲ್ಯಾಟಿನ್1. ಬರೆಯುವಾಗಲೂ ಓದುವಾಗಲೂ ಅದೇ ತಪ್ಪಾದ್ದರಿಂದ ಪರದೆಯ ಮೇಲೆ ವರ್ಷಗಟ್ಟಲೆ ಕನ್ನಡ ಚೆನ್ನಾಗಿಯೇ ಕಂಡಿತು. ಸರ್ವರ್ ಬದಲಿಸಿ ಸಂಪರ್ಕ ಸರಿಮಾಡಿದ ದಿನ 'ಕ' ಇದ್ದಲ್ಲೆಲ್ಲ ತಲೆಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ', ಪುಟ್ಟ ಎರಡಂಕಿ, ಒಂದು ದಪ್ಪ ಚುಕ್ಕೆ. ನೋಡಲು ಭಯಂಕರ, ಆದರೆ ಬೈಟುಗಳು (ಅಕ್ಷರವನ್ನು ಕೂಡಿಟ್ಟ ಅಂಕಿಗಳು) ಒಳಗೇ ಇರುತ್ತವೆ. ಲ್ಯಾಟಿನ್1ಕ್ಕೆ ತಿರುಗಿಸಿ, ಬೈನರಿ ಮಾಡಿ, ಮತ್ತೆ ಯುಟಿಎಫ್8 ಎಂದು ಓದಿಸಿದೆ. ಒಂದು ಹೆಸರೂ ಕಳೆಯಲಿಲ್ಲ. ಬ್ಯಾಕಪ್ ಇಲ್ಲದೆ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಇನ್ನು ಆ ಸುಳ್ಳು ಹೆಸರು. ನಿಜವಾದ ಯುಟಿಎಫ್8ರಲ್ಲಿ ಒಂದು ಅಕ್ಷರ 4 ಬೈಟಿನವರೆಗೂ ಹೋಗಬಹುದು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಒಂದು ಅಕ್ಷರಕ್ಕೆ 3 ಬೈಟ್ ಮೀರುವುದಿಲ್ಲ. ಕನ್ನಡಕ್ಕೆ 3, ಬೀದರ್ ಕಡೆಯ ಮರಾಠಿ ಹೆಸರಿಗೂ 3, ಉರ್ದುವಿಗೆ 2, ಹಾಗಾಗಿ ಎಲ್ಲವೂ ನಡೆಯುತ್ತಿತ್ತು. ಸಾಹುಕಾರರ ಮಗ ವಾಟ್ಸಾಪ್‌ನಿಂದ ನಗುಮುಖದ ಎಮೋಜಿ ಸಮೇತ ದರದ ಸಂದೇಶ ತಂದು ಅಂಟಿಸಿದ ನೋಡಿ, ಎಮೋಜಿಯಿಂದಾಚೆಗಿನ ದರವೆಲ್ಲ ಮಾಯ! ಅಂಥ ಎಮೋಜಿಗೆ 4 ಬೈಟ್ ಬೇಕು. ಅದಕ್ಕೆಂದೇ ಬಂದ ಯುಟಿಎಫ್8ಎಂಬಿ4, ಮೈಎಸ್‌ಕ್ಯೂಎಲ್ ಆವೃತ್ತಿ 5.5.3ರಿಂದ ಇದೆ, ಡಿಫಾಲ್ಟ್ ಆದದ್ದು 2018ರ 8.0ರಲ್ಲಿ.

ಅಂದಹಾಗೆ, 'ಗುಲ್ಬರ್ಗಾ' 27 ಬೈಟ್, 'ಕಲಬುರಗಿ' 21. 2014ರ ನವೆಂಬರ್ 1ರ ಹೊಸ ಹೆಸರಿನಿಂದ ನನ್ನ ಡಿಸ್ಕಿಗೆ ಸಾಲಿಗೆ 6 ಬೈಟ್ ಲಾಭ.

ಪಿಎಚ್‌ಪಿಯ ಮೇಲೂ ಒಂದು ತಕರಾರಿದೆ. ಪದ ಕತ್ತರಿಸುವ ಅದರ 'ಸಬ್‌ಸ್ಟರ್' ಎಣಿಸುವುದು ಅಕ್ಷರವನ್ನಲ್ಲ, ಬೈಟು. ಚಿಕ್ಕ ಪಟ್ಟಿಗಾಗಿ ಹೆಸರನ್ನು 20ಕ್ಕೆ ಕತ್ತರಿಸಿದರೆ ಸಿದ್ದಲಿಂಗಪ್ಪನವರು 'ಸಿದ್ದಲ' ಆಗಿ ಬಾಲಕ್ಕೆ ಕಪ್ಪು ಚೌಕುಳಿ ಹತ್ತಿತು. ಅಕ್ಷರ ಎಣಿಸುವ 'ಎಂಬಿ_ಸಬ್‌ಸ್ಟರ್' ಹಾಕಿ 11 ಎಂದೆ, 'ಸಿದ್ದಲಿಂಗಪ್' ಎಂದು ಒತ್ತಕ್ಷರಕ್ಕೇ ಕೊಡಲಿ. ಕೊನೆಗೆ ಕತ್ತರಿಸುವುದನ್ನೇ ಬಿಟ್ಟು, ಉದ್ದ ಹೆಸರನ್ನು ಎರಡನೇ ಸಾಲಿಗೆ ಇಳಿಸಿದೆ. ಪೇಪರ್ ರೋಲು ಬೇಗ ಮುಗಿಯುತ್ತದೆ ಎಂದು ಸಾಹುಕಾರರು ಈಗಲೂ ಗೊಣಗುತ್ತಾರೆ.