ಮುದಿ ನಾಯಿಯ ಹೊಟ್ಟೆಗೆ ಯಾವ ಚೀಲ?

ನಮ್ಮ ಕಡೆ ನಾಯಿಯ ಒಣ ಆಹಾರಕ್ಕೆಲ್ಲ ‘ಪೆಡಿಗ್ರಿ’ ಎಂದೇ ಹೆಸರು, ಕಂಪನಿ ಯಾವುದಾದರೂ ಸರಿ. ಶಿವಮೊಗ್ಗದ ಅಂಗಡಿಯಲ್ಲಿ ನಿಂತು ‘12 ವರ್ಷದ ನಾಯಿ, ತಿಂದಿದ್ದು ದಕ್ತಿಲ್ಲ, ಒಂದು ಪೆಡಿಗ್ರಿ ಕೊಡಿ’ ಅಂದರೆ, ಮುಂಬದಿಯಲ್ಲಿ ದಪ್ಪಗೆ ‘ಸೀನಿಯರ್’ ಎಂದು ಬರೆದ ಚೀಲ ಕೈಗೆ ಬರುತ್ತದೆ. ಆ ಪದ ನಂಬಿ ದುಡ್ಡು ಕೊಡಬೇಡಿ. ಪಶು ಆಹಾರದ ನಿಯಮ ರೂಪಿಸುವ ಅಮೆರಿಕದ ಸಂಘ ಆಫ್ಕೋದ (AAFCO) ಮಾನದಂಡದಲ್ಲಿ ಬೆಳೆಯುವ ಮರಿಗೆ ಒಂದು, ಬೆಳೆದ ನಾಯಿಗೆ ಒಂದು ಪೋಷಕಾಂಶದ ಪಟ್ಟಿ ಇದೆ. ಮುದಿ ನಾಯಿಗೆ ಅಂತ ಪ್ರತ್ಯೇಕ ಪಟ್ಟಿಯೇ ಇಲ್ಲ. ಹಾಗಾಗಿ ಒಂದು ಕಂಪನಿಯ ಸೀನಿಯರ್‌ಗೂ ಇನ್ನೊಂದರ ಸೀನಿಯರ್‌ಗೂ ಅಜಗಜಾಂತರ. ಚೀಲ ತಿರುಗಿಸಿ, ಮೊದಲು ಕೊಬ್ಬಿನ ಅಂಕಿ ನೋಡಿ.

ಜನ ಅತಿ ಹೆಚ್ಚು ಎಡವುವುದೂ ಅಲ್ಲೇ. ರಾಯಲ್ ಕ್ಯಾನಿನ್ ಕಂಪನಿಯ ಪಶುವೈದ್ಯಕೀಯ ಸಾಲಿನಲ್ಲಿ ‘ಗ್ಯಾಸ್ಟ್ರೋಇಂಟೆಸ್ಟೈನಲ್’ ಅಂತ ಒಂದಿದೆ, ‘ಗ್ಯಾಸ್ಟ್ರೋಇಂಟೆಸ್ಟೈನಲ್ ಲೋ ಫ್ಯಾಟ್’ ಅಂತ ಇನ್ನೊಂದಿದೆ. ಹೆಸರಲ್ಲಿ ಎರಡೇ ಪದದ ವ್ಯತ್ಯಾಸ, ಒಳಗೆ ಬೇರೆಯೇ ಲೋಕ. ಮೊದಲನೆಯ ಒಣ ಕಾಳಿನಲ್ಲಿ ಕೊಬ್ಬು ಸುಮಾರು 20%, ಎರಡನೆಯದರಲ್ಲಿ ಸುಮಾರು 7%. ಸೊರಗಿದ, ತೂಕ ಕಳೆದುಕೊಂಡ, ಕೊಬ್ಬು ಜೀರ್ಣವಾಗುವ ನಾಯಿಗೆ ಮೊದಲನೆಯದು ಒಳ್ಳೆಯದೇ. ಸ್ವಲ್ಪ ತಿಂದರೂ ಶಕ್ತಿ ಸಿಗುತ್ತದೆ. ಆದರೆ ಒಮ್ಮೆಯಾದರೂ ಮೇದೋಜೀರಕದ ಉರಿಯೂತ ಆಗಿದ್ದರೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ ಇದ್ದರೆ ಅದೇ ಚೀಲ ಅಪಾಯ. ‘ಹೊಟ್ಟೆಗೆ ಅಂತಲೇ ಮಾಡಿದ್ದಲ್ವಾ’ ಎಂದು ತಂದು ಹಾಕಿ, ಮೂರನೇ ದಿನ ವಾಂತಿ ಶುರುವಾದರೆ ಆಶ್ಚರ್ಯವಿಲ್ಲ. ಹಿಲ್ಸ್ ಕಂಪನಿಯ ಹೊಟ್ಟೆಯ ಆಹಾರ ‘ಐ/ಡಿ’ಯಲ್ಲೂ (i/d) ಹೀಗೇ ಮಾಮೂಲಿಯದು ಬೇರೆ, ಲೋ ಫ್ಯಾಟ್ ಬೇರೆ. ಇವು ವೈದ್ಯರು ಹೇಳಿದ ಮೇಲೆ ಕೊಡುವ ಆಹಾರ, ಬೆಲೆಯೂ ಸಾಮಾನ್ಯ ಚೀಲದ ಹಲವು ಪಟ್ಟು. ಮುದಿ ನಾಯಿಗೆ ಮೇದೋಜೀರಕದ್ದೇ ತೊಂದರೆ ಎಂದು ಖಚಿತವಾಗಿದ್ದರೆ ಲೋ ಫ್ಯಾಟ್‌ಗೆ ಆ ದುಡ್ಡು ಸಾರ್ಥಕ. ವರ್ಷಕ್ಕೊಂದೆರಡು ಸಲ ಮಲ ಸಡಿಲಾಗುವ ನಾಯಿಗೆ ಅಷ್ಟೆಲ್ಲ ಬೇಡ. ಕೊಬ್ಬು 10–12% ಇರುವ, ಮಾಂಸದ ಮೂಲ ಯಾವುದೆಂದು ಸ್ಪಷ್ಟವಾಗಿ ಬರೆದ ಸಾಮಾನ್ಯ ಆಹಾರ ಸಾಕು.

ಮುದಿ ನಾಯಿಗೆ ಪ್ರೋಟೀನ್ ಕಡಿಮೆ ಮಾಡಬೇಕು ಅನ್ನುವ ಹಳೇ ಮಾತೊಂದಿದೆ. ಮೂತ್ರಪಿಂಡ ಸರಿ ಇದ್ದರೆ ಅದರ ಅಗತ್ಯವಿಲ್ಲ. ವಯಸ್ಸಾದಂತೆ ತೊಡೆಯ ಸ್ನಾಯು ಕರಗುತ್ತದೆ, ಪ್ರೋಟೀನ್ ಕಡಿತ ಮಾಡಿದರೆ ಇನ್ನೂ ಬೇಗ ಕರಗುತ್ತದೆ. ಮೂತ್ರಪಿಂಡ ಸೋತಿದ್ದರೆ ರಂಜಕ ಕಡಿಮೆ ಇರುವ ಬೇರೆಯೇ ಆಹಾರ ಬೇಕು, ಹೊಟ್ಟೆಗೆಂದು ಮಾಡಿದ ಆಹಾರ ಆ ಕೆಲಸ ಮಾಡುವುದಿಲ್ಲ. ಚೀಲ ಆರಿಸುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ.

ಡಬ್ಬಿ ಮತ್ತು ಪೌಚಿನ ಆಹಾರದ ಅಂಕಿಯನ್ನು ಒಣ ಕಾಳಿನ ಜೊತೆ ನೇರ ಹೋಲಿಸಬಾರದು. ಪೌಚಿನಲ್ಲಿ ನೀರೇ 80%, ಕೊಬ್ಬು 4% ಎಂದಿರುತ್ತದೆ ಎಂದುಕೊಳ್ಳಿ. ನೀರು ತೆಗೆದರೆ ಉಳಿಯುವ 20 ಭಾಗದಲ್ಲಿ 4, ಅಂದರೆ 20%! ಕಮ್ಮಿ ಕೊಬ್ಬು ಅಂತ ತಂದಿದ್ದು ಹೀಗೆ ಕೈಕೊಡುತ್ತದೆ.

ಅಳತೆಗೆ ಲೋಟ ನಂಬಬೇಡಿ, ಅಡುಗೆಮನೆಯ ತಕ್ಕಡಿ ಇಟ್ಟುಕೊಳ್ಳಿ. 15 ಕೆಜಿಯ ಮುದಿ ನಾಯಿಗೆ ದಿನಕ್ಕೆ ಸುಮಾರು 640ರಿಂದ 750 ಕಿಲೋಕ್ಯಾಲೊರಿ. 100 ಗ್ರಾಮಿಗೆ 350 ಕಿಲೋಕ್ಯಾಲೊರಿ ಇರುವ ಕಾಳಾದರೆ 180–215 ಗ್ರಾಂ. ಇದನ್ನು ಎರಡು ಹೊತ್ತಿಗಲ್ಲ, ಮೂರು ಹೊತ್ತಿಗೆ ಹಂಚಿ. ಹಲ್ಲು ಹೋಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ. ನೆನೆಸಿದ್ದು ಗಂಟೆಯೊಳಗೆ ಮುಗಿಯದಿದ್ದರೆ ಎಸೆಯಿರಿ, ಸಂಜೆಗೆ ಅಂತ ಇಡಬೇಡಿ. ಹೊಸ ಆಹಾರಕ್ಕೆ ಹೊರಳಲು ಹತ್ತು ದಿನ ಬೇಕು: ಮೊದಲ ಮೂರು ದಿನ ಕಾಲು ಪಾಲು ಹೊಸದು, ಮುಂದಿನ ಮೂರು ದಿನ ಅರ್ಧ, ಆಮೇಲಿನ ಮೂರು ದಿನ ಮುಕ್ಕಾಲು. ನಡುವೆ ಮಲ ಸಡಿಲಾದರೆ ಆ ಹಂತದಲ್ಲೇ ಇನ್ನೆರಡು ದಿನ ನಿಲ್ಲಿ.

ಇಷ್ಟೆಲ್ಲ ಸರಿಮಾಡಿದರೂ ಮಲೆನಾಡಿನಲ್ಲಿ ಆಟ ಕೆಡಿಸುವುದು ಮಳೆ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ, ಕಾಳು ಗರಿಗರಿ ಇರುವುದು ಹೇಗೆ? ಕಾಳಿನ ಹೊರಮೈಗೆ ಸವರಿದ ಕೊಬ್ಬು ಗಾಳಿ ತಾಗಿ ಕಮಟುತ್ತದೆ, ತೇವ ಹಿಡಿದರೆ ಬೂಷ್ಟು ಬರುತ್ತದೆ. ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ನೇರ ಯಕೃತ್ತಿಗೇ ಹೊಡೆಯುತ್ತದೆ, ಅದು ಬಿಸಿಲಿಗೆ ಒಣಗಿಸಿದರೂ ಹೋಗದು, ಕುದಿಸಿದರೂ ಹೋಗದು. ‘ಒಂದು ಬಿಸಿಲು ಕಾಣಿಸಿದರೆ ಸರಿಹೋಗುತ್ತೆ’ ಎಂಬ ಹಪ್ಪಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಇಡೀ ಚೀಲ ಗುಂಡಿಗೆ. ಅಗ್ಗ ಅಂತ 10 ಕೆಜಿ ಚೀಲ ತರದೆ, ಮಳೆಗಾಲದಲ್ಲಿ ಮೂರ್ನಾಲ್ಕು ವಾರದಲ್ಲಿ ಮುಗಿಯುವಷ್ಟು ತನ್ನಿ. ಮೇಲೆ ಹೇಳಿದ 15 ಕೆಜಿಯ ನಾಯಿಗೆ 3 ಕೆಜಿ ಚೀಲ 15 ದಿನಕ್ಕೆ ಬರುತ್ತದೆ. ಕಾಳನ್ನು ಡಬ್ಬಿಗೆ ಸುರಿಯಬೇಡಿ. ಚೀಲದ ಬಾಯಿ ಮಡಚಿ, ಕ್ಲಿಪ್ ಹಾಕಿ, ಚೀಲ ಸಮೇತ ಸ್ಟೀಲ್ ಡಬ್ಬಿಯಲ್ಲಿಡಿ. ಸುರಿದರೆ ತಳದಲ್ಲಿ ಹಳೆ ಜಿಡ್ಡು ಉಳಿದು ಹೊಸದನ್ನೂ ಕೆಡಿಸುತ್ತದೆ, ತಯಾರಿಕೆಯ ದಿನಾಂಕವೂ ಕಸದ ಪಾಲಾಗುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುವವರಿದ್ದಾರೆ. ಅಡಿಕೆಗೆ ಸರಿ, ಕೊಬ್ಬಿರುವ ಕಾಳಿಗೆ ಆ ಬಿಸಿಯೇ ಶತ್ರು. ಅಂಗಡಿಯಲ್ಲಿ ಗೋಣಿಯಿಂದ ತೂಗಿಕೊಡುವ ಬಿಡಿ ಕಾಳು ಮಾತ್ರ ಯಾವ ಕಾಲಕ್ಕೂ ಬೇಡ.

ಗಂಜಿಯ ವಿಷಯ. ಹೊಟ್ಟೆ ಕೆಟ್ಟ ಎರಡು-ಮೂರು ದಿನಕ್ಕೆ ಇದಕ್ಕಿಂತ ಅಗ್ಗದ, ಒಳ್ಳೆಯ ಆಹಾರ ಇಲ್ಲ. ಆದರೆ ಕೆಂಪಕ್ಕಿ ಬೇಡ. ತವುಡಿನ ನಾರು ಭೇದಿಯ ಹೊಟ್ಟೆಗೆ ಭಾರ. ಬಿಳಿ ಅಕ್ಕಿ ಒಂದು ಲೋಟಕ್ಕೆ ಐದಾರು ಲೋಟ ನೀರು, ಕರಗುವಷ್ಟು ಬೇಯಿಸಿ. ಬೆಂದ ಅನ್ನ ಎರಡು ಪಾಲು, ಚರ್ಮ ತೆಗೆದು ಬೇಯಿಸಿ ಬಿಡಿಸಿದ ಕೋಳಿಯ ಎದೆಮಾಂಸ ಒಂದು ಪಾಲು. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆ ಕೇಳಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ‘ಇಷ್ಟು ವರ್ಷ ತಿಂದಿದೆಯಲ್ಲ’ ಅನ್ನುವುದು ವಾದವಲ್ಲ. ಹಾಲೂ ಹಾಗೇ, ಮುದಿ ಹೊಟ್ಟೆಗೆ ದಕ್ಕುವುದು ಕಷ್ಟ. ಮಲಬದ್ಧತೆ ಇದ್ದರೆ ಹಬೆಯಲ್ಲಿ ಬೇಯಿಸಿದ ಸಿಹಿಗುಂಬಳ ಒಂದೆರಡು ದೊಡ್ಡ ಚಮಚ ಸೇರಿಸಬಹುದು. ಆದರೆ ಗಂಜಿಯನ್ನೇ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ, ಸತು, ಅಯೋಡಿನ್ ಎಲ್ಲ ಕೊರತೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ಅದರಲ್ಲಿ ಕ್ಯಾಲ್ಸಿಯಂ ಒಂದೇ ತುಂಬುತ್ತದೆ.

ತಿನ್ನದಿರುವುದಕ್ಕೆಲ್ಲ ಆಹಾರವೇ ಕಾರಣವಲ್ಲ. ತೋಟ ಸುತ್ತುವ ನಾಯಿಗೆ ಉಣುಗು ಹತ್ತುವುದು ಮಾಮೂಲು, ಉಣುಗು ಜ್ವರದ ಮೊದಲ ಗುರುತುಗಳಲ್ಲೊಂದು ಊಟ ಬಿಡುವುದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಿ, ಒಸಡು ಬಿಳಿಚಿದೆಯೇ ನೋಡಿ. ಮಲ ಕಪ್ಪು ಡಾಂಬರಿನಂತಿದ್ದರೆ, ರಕ್ತ ಕಂಡರೆ, ನೀರು ಕುಡಿದರೂ ವಾಂತಿಯಾದರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಚೀಲ ಬದಲಿಸುತ್ತ ಕೂರಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೋಗುವಾಗ ಅದೇ ದಿನದ ಮಲವನ್ನು ಮುಚ್ಚಳವಿರುವ ಒಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಜೊತೆಗೆ ಈಗ ಹಾಕುತ್ತಿರುವ ಚೀಲದ ಹಿಂಬದಿಯ ಫೋಟೊ.