ಓಡುತ್ತಿರುವ ಬಿ-275ರ ವ್ಯಾಕ್ಯೂಮ್ ಪೈಪು ಕಳಚಬೇಡಿ

ಮನೆಯಲ್ಲಿ ಹಳೆಯ ಬಿ-275 ಟ್ರ್ಯಾಕ್ಟರ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಎಂಜಿನ್ ಓಡುತ್ತಿರುವಾಗ ಡೀಸೆಲ್ ಪಂಪಿಗೆ ಬರುವ ಸಣ್ಣ ವ್ಯಾಕ್ಯೂಮ್ ಪೈಪಿಗೆ ಯಾರೂ ಸ್ಪ್ಯಾನರ್ ಹಾಕದಂತೆ ನೋಡಿಕೊಳ್ಳಿ. ಹೋದ ತಿಂಗಳು ನಮ್ಮ ಅಂಗಳದಲ್ಲಿ ಒಬ್ಬರು ಹಾಕಿದರು. ಯಾರಿಗೂ ಗಾಯವಾಗಲಿಲ್ಲ ಎಂಬುದೇ ಪುಣ್ಯ.

ನಮ್ಮದು ಅಜ್ಜ ಕೊಂಡ ಗಾಡಿ. ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ 1963ರಲ್ಲಿ ಕಂಪನಿ ಕಟ್ಟಿ ಇಲ್ಲಿ ತಯಾರಿಸಿದ ಮಾದರಿ. ನಾಲ್ಕು ಸಿಲಿಂಡರ್, ಗಟ್ಟಿ ಜೀವ. ಈಗ ಗೊಬ್ಬರ ಸಾಗಿಸಲು ಮಾತ್ರ ಹೊರಗೆ ತೆಗೆಯುತ್ತೇವೆ. ಈ ಸಲ ಮಳೆಗಾಲ ಕಳೆದು ಸ್ಟಾರ್ಟ್ ಮಾಡಿದರೆ ಸ್ಲೋ, ಅಂದರೆ ಆ್ಯಕ್ಸಿಲರೇಟರ್ ಒತ್ತದಾಗಿನ ನಿಧಾನ ಓಟ, ಒಂದೇ ಸಮ ನಿಲ್ಲಲೇ ಇಲ್ಲ. ಸದ್ದು ಕುಗ್ಗುತ್ತ ಹೋಗಿ ಇನ್ನೇನು ಬಂದ್ ಆಯಿತು ಎನ್ನುವಾಗ ಮೇಲೇಳುತ್ತಿತ್ತು, ಮತ್ತೆ ಕುಗ್ಗುತ್ತಿತ್ತು. ಅದರ ತಾಳಕ್ಕೆ ಬಾನೆಟ್ಟಿನ ತಗಡು ಗಡಗಡ ಎನ್ನುತ್ತಿತ್ತು.

ಫಿಲ್ಟರ್ ಬದಲಿಸಿ, ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಏರ್ ತೆಗೆದೆವು. ಉಪಯೋಗವಾಗಲಿಲ್ಲ. ಪೇಟೆಯ ವರ್ಕ್‌ಶಾಪಿಗೆ ಒಯ್ದೆವು. ಅರ್ಧ ನಿಮಿಷ ಕಿವಿಗೊಟ್ಟು, ಪಂಪೂ ಹೋಗಿದೆ, ನಾಝಲ್‌ಗಳೂ ಹೋಗಿವೆ ಎಂದರು. ಪಂಪಿನ ಸೀಲು ಒಡೆದು ಡೀಸೆಲ್ ಅಳತೆಯ ಸ್ಕ್ರೂ ತಿರುಗಿಸಿದರು. 11,000 ರೂಪಾಯಿ ತೆತ್ತು ಮನೆಗೆ ತಂದರೆ ಹಳೆಯ ಏರಿಳಿತ ಹಾಗೇ ಇತ್ತು. ಭಾರ ಎಳೆಯುವಾಗ ಕಪ್ಪು ಹೊಗೆ ಹೊಸದಾಗಿ ಸೇರಿಕೊಂಡಿತ್ತು.

ದೂರಿದಾಗ ಒಬ್ಬ ಹುಡುಗನನ್ನು ಕಳಿಸಿದರು. ಅವನು ಎಂಜಿನ್ ಬಂದ್ ಮಾಡದೆಯೇ ಆ ಪೈಪಿನ ನಟ್ಟು ಬಿಚ್ಚಿದ. ಮರುಕ್ಷಣ ಎಂಜಿನ್ ಅರಚಿಕೊಂಡು ರೇಸ್ ಆಯಿತು. ಸ್ಟಾಪ್ ಹಿಡಿ ಎಳೆದೆ. ತುಕ್ಕು ಹಿಡಿದ ತಂತಿ ಕಿತ್ತು ಕೈಗೇ ಬಂತು. ತಮ್ಮ ಹಾರಿ ಕುಳಿತು ಕ್ಲಚ್ ಒತ್ತಿ, ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ತುಳಿದು ಹಿಡಿದು ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಜಗ್ಗಿ ನಿಂತಿತು. ನನ್ನ ಆರು ವರ್ಷದ ಮಗಳು ಹತ್ತು ಅಡಿ ದೂರದಲ್ಲಿದ್ದಳು.

ಈ ಪಂಪಿನ ಗವರ್ನರ್, ಅಂದರೆ ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ, ಗಾಳಿಯ ಎಳೆತದಿಂದ ಕೆಲಸ ಮಾಡುವಂಥದ್ದು. ಒಳಗಿನ ಸ್ಪ್ರಿಂಗು, ಡೀಸೆಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ಸರಳಾದ ರ್‍ಯಾಕನ್ನು ಸದಾ ಪೂರ್ತಿ ಡೀಸೆಲ್ ಕಡೆಗೇ ತಳ್ಳುತ್ತಿರುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನಿಂದ ಪೈಪಿನ ಮೂಲಕ ಬರುವ ವ್ಯಾಕ್ಯೂಮ್, ಅಂದರೆ ಆ ಎಳೆತ, ಡಯಾಫ್ರಮ್ ಎಂಬ ತೊಗಲಿನ ಪರದೆಯನ್ನು ಎಳೆದು ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಪೈಪು ಕಳಚಿದರೆ ಹಿಡಿತವೇ ಇಲ್ಲ. ಪೈಪಿನಲ್ಲೋ ಡಯಾಫ್ರಮ್‌ನಲ್ಲೋ ಸಣ್ಣ ಸೋರಿಕೆ ಇದ್ದರೂ ಹಿಡಿತ ಸಡಿಲವಾಗುತ್ತದೆ: ಡೀಸೆಲ್ ಹೆಚ್ಚಿ ವೇಗ ಏರುತ್ತದೆ, ವೇಗ ಏರಿದಾಗ ವ್ಯಾಕ್ಯೂಮ್ ಹೆಚ್ಚಿ ಡೀಸೆಲ್ ಕಡಿಮೆಯಾಗುತ್ತದೆ. ನಮ್ಮ ಗಾಡಿಯ ಏರಿಳಿತ ಇದೇ ಆಗಿತ್ತು.

ಇದನ್ನು ಪಕ್ಕದ ಊರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ಎರಡು ನಿಮಿಷದಲ್ಲಿ ತೋರಿಸಿಕೊಟ್ಟರು. ಎಂಜಿನ್ ಬಂದ್ ಇರುವಾಗ ಪೈಪು ಕಳಚಿ, ಪಂಪಿನ ಸ್ಟಾಪ್ ಲಿವರನ್ನು ಬಂದ್ ಕಡೆಗೆ ಒತ್ತಿ ಹಿಡಿದು, ಪೈಪು ಕೂರುವ ತೂತನ್ನು ಬೆರಳಿನಿಂದ ಮುಚ್ಚಿ, ಲಿವರ್ ಬಿಟ್ಟರು. ಡಯಾಫ್ರಮ್ ಸರಿಯಿದ್ದರೆ ರ್‍ಯಾಕ್ ತುಸು ಸರಿದು ತಡೆದು ನಿಲ್ಲಬೇಕು. ನಮ್ಮದು ಟಕ್ ಎಂದು ಪೂರ್ತಿ ಮರಳಿತು. ಮುಚ್ಚಳ ಬಿಚ್ಚಿದರೆ ಡಯಾಫ್ರಮ್‌ನ ತೊಗಲು ಒಣಗಿ, ಅಂಚಿನಲ್ಲಿ ಉಗುರಿನ ಗೀರಿನಷ್ಟು ಸೀಳಿತ್ತು. ಹೊಸದನ್ನು ಹಾಕಿದ ಮೇಲೆ ಸ್ಲೋ ಅಲುಗದೆ ನಿಂತಿದೆ.

ಯಾರಾದರೂ ಪಂಪ್ ಬಿಚ್ಚೋಣ ಎಂದರೆ ಮೊದಲು ಈ ಪರೀಕ್ಷೆ ಮಾಡಿಸಿ. ಪೈಪಿನ ಎರಡೂ ತುದಿಯ ನಟ್ಟು ನೋಡಿ. ಸ್ಟಾಪ್ ತಂತಿಯನ್ನು ಇವತ್ತೇ ಎಳೆದು ನೋಡಿ. ಸವೆದಿದ್ದರೆ ಬದಲಿಸುವವರೆಗೆ ಸ್ಟಾರ್ಟ್ ಮಾಡಬೇಡಿ. ನಮ್ಮ ಪಂಪನ್ನು, ಆ ಸ್ಕ್ರೂ ಮೊದಲಿನ ಅಳತೆಗೆ ಬರಲೆಂದು, ಮುಂದಿನ ವಾರ ಬೇರೆ ಕಡೆ ಪಂಪು ಪರೀಕ್ಷಿಸುವ ಯಂತ್ರಕ್ಕೆ, ಟೆಸ್ಟ್ ಬೆಂಚಿಗೆ, ಕೊಡುತ್ತಿದ್ದೇವೆ. ಅಲ್ಲಿಯವರೆಗೆ ಟ್ರೇಲರ್ ಹೂಡುವುದಿಲ್ಲ.