ಸ್ಕಲ್ ಬೇಸ್ ಎಂಆರ್‌ಐ: ಮಾಮೂಲಿ ಬ್ರೇನ್ ಸ್ಕ್ಯಾನ್ ಏಕೆ ಸಾಲದು

ತಲೆಬುರುಡೆಯ ತಳದಲ್ಲಿ ಗಡ್ಡೆ ಇರಬಹುದೆಂಬ ಅನುಮಾನ ಬಂದರೆ ಮಾಮೂಲಿ ಬ್ರೇನ್ ಎಂಆರ್‌ಐಗೆ ತೃಪ್ತಿಪಡಬೇಡಿ, ಸ್ಕಲ್ ಬೇಸ್‌ಗೆಂದೇ ಹೊಂದಿಸಿದ ಸ್ಕ್ಯಾನ್ ಕೇಳಿ. ಮಾಮೂಲಿ ಸ್ಕ್ಯಾನ್‌ನ ಸ್ಲೈಸ್ ಸುಮಾರು 5 ಮಿ.ಮೀ. ದಪ್ಪ, ನರಗಳು ಹಾದುಹೋಗುವ ಸಣ್ಣ ತೂತುಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಸ್ಕಲ್ ಬೇಸ್ ಸ್ಕ್ಯಾನ್‌ನಲ್ಲಿ ಸ್ಲೈಸ್ 3 ಮಿ.ಮೀ. ಅಥವಾ ಇನ್ನೂ ತೆಳು. ಅಲ್ಲಾಡದೆ ಹೆಚ್ಚು ಹೊತ್ತು ಮಲಗಬೇಕಾಗುವುದು ನಿಜ.

ಈ ಸ್ಕ್ಯಾನ್‌ನ ಜೀವಾಳ, ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಕೊಡುವ ಮೊದಲು ಕೊಬ್ಬಿನ ಸಿಗ್ನಲ್ ಅಡಗಿಸದೆ ತೆಗೆದ ಸ್ಯಾಜಿಟಲ್ ಟಿ1, ಅಂದರೆ ತಲೆಯನ್ನು ಪಕ್ಕದಿಂದ ಸೀಳಿದಂತೆ ತೋರಿಸುವ, ಕೊಬ್ಬು ಬೆಳ್ಳಗೆ ಕಾಣುವ ಚಿತ್ರ. ವಯಸ್ಕರ ಕ್ಲೈವಸ್ (ತಲೆಬುರುಡೆಯ ತಳದ ನಡುವಿನ ಇಳಿಜಾರು ಮೂಳೆ) ಮಜ್ಜೆಯಲ್ಲಿ ಕೊಬ್ಬು ಹೆಚ್ಚು, ಹಾಗಾಗಿ ಬೆಳ್ಳಗಿರಬೇಕು. ಕಪ್ಪಾಗಿದ್ದರೆ ಅಲ್ಲಿ ಏನೋ ಸೇರಿಕೊಂಡಿದೆಯೇ ಎಂದು ನೋಡಲೇಬೇಕು (ಚಿಕ್ಕ ಮಕ್ಕಳಲ್ಲಿ ಕಪ್ಪಾಗಿರುವುದು ಸಹಜ). ಕಾಂಟ್ರಾಸ್ಟ್ ಆದಮೇಲೆ ಮಾತ್ರ ಫ್ಯಾಟ್-ಸ್ಯಾಟ್ (ಕೊಬ್ಬಿನ ಸಿಗ್ನಲ್ ಅಡಗಿಸುವುದು) ಬೇಕೇ ಬೇಕು. ಇಲ್ಲದಿದ್ದರೆ ಬೆಳಗುವ ಗಡ್ಡೆ ಬೆಳ್ಳನೆಯ ಕೊಬ್ಬಿನಲ್ಲೇ ಅಡಗಿಬಿಡುತ್ತದೆ.

ಮೆದುಳಿನ ಪೊರೆಯಲ್ಲಿ ಹುಟ್ಟುವ ಗಡ್ಡೆ ಮೆನಿಂಜಿಯೋಮಾ ಕಾಂಟ್ರಾಸ್ಟ್ ಆದಮೇಲೆ ಸಾಮಾನ್ಯವಾಗಿ ಒಂದೇ ಸಮನೆ ಬೆಳಗುತ್ತದೆ, ಮೆದುಳಿನ ಹೊರಪೊರೆ ಡ್ಯೂರಾದುದ್ದಕ್ಕೂ ಬಾಲ ಚಾಚುತ್ತದೆ, ಪಕ್ಕದ ಮೂಳೆಯನ್ನು ದಪ್ಪ ಮಾಡುತ್ತದೆ. ಪಿಟ್ಯುಟರಿ ಅಡೆನೋಮಾ (ಮೆದುಳ ತಳದ ಪಿಟ್ಯುಟರಿ ಗ್ರಂಥಿಯ ಗಡ್ಡೆ) ಕೆಳಕ್ಕಿಳಿದು ಕ್ಲೈವಸ್ ತಿಂದಾಗಲೇ ಗೊಂದಲ. ಗ್ರಂಥಿ ಗಡ್ಡೆಯಿಂದ ಬೇರೆಯಾಗಿ ಕಂಡರೆ ಅಡೆನೋಮಾದ ಸಾಧ್ಯತೆ ಕಡಿಮೆ. ಕಾಣದಿದ್ದರೆ ಬಯಾಪ್ಸಿಗೆ ಮೊದಲೇ ರಕ್ತದ ಪ್ರೊಲ್ಯಾಕ್ಟಿನ್ ಹಾರ್ಮೋನ್ ನೋಡಬೇಕು, ಏಕೆಂದರೆ ಅದನ್ನು ಸುರಿಸುವ ಅಡೆನೋಮಾ, ಅಂದರೆ ಪ್ರೊಲ್ಯಾಕ್ಟಿನೋಮಾ, ಬಹುಪಾಲು ಮಾತ್ರೆಗೇ ಕುಗ್ಗುತ್ತದೆ.

ಅಪರೂಪದ ಗಡ್ಡೆಗಳು ಟಿ2ನಲ್ಲಿ (ನೀರಿನಂಶ ಬೆಳ್ಳಗೆ ಕಾಣುವ ಚಿತ್ರ) ಸಿಕ್ಕಿಬೀಳುತ್ತವೆ. ನಡುಗೆರೆಯಲ್ಲಿದ್ದು, ತುಂಬಾ ಬೆಳ್ಳಗಿದ್ದು, ಹಿಂದಿನ ಪಾನ್ಸ್ (ಮೆದುಳು ಕಾಂಡದ ಭಾಗ) ಅನ್ನು ಹೆಬ್ಬೆರಳಿನಂತೆ ಒತ್ತುತ್ತಿದ್ದರೆ ಕಾರ್ಡೋಮಾ, ಅಂದರೆ ಭ್ರೂಣದ ಬೆನ್ನುದಂಡದ ಉಳಿಕೆಯಿಂದ ಹುಟ್ಟುವ ಗಡ್ಡೆ. ಅದೇ ಬಿಳುಪು ಪಕ್ಕಕ್ಕೆ, ಕಿವಿ ಭಾಗದ ಮೂಳೆ ಹಿಂದಲೆಯ ಮೂಳೆಯನ್ನು ಸೇರುವ ಪೆಟ್ರೋ-ಆಕ್ಸಿಪಿಟಲ್ ಸಂದಿಯಲ್ಲಿದ್ದರೆ ಕಾಂಡ್ರೋಸಾರ್ಕೋಮಾ, ಅಂದರೆ ಮೃದ್ವಸ್ಥಿಯ ಕ್ಯಾನ್ಸರ್. ಆದರೆ ಎರಡೂ ತಮ್ಮ ಜಾಗ ಬಿಟ್ಟು ಬೆಳೆಯುವುದುಂಟು. ಆಗ ನೆರವಾಗುವುದು ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ: ಕಾಂಡ್ರೋಸಾರ್ಕೋಮಾದ ಎಡಿಸಿ (ಆ ಓಡಾಟದ ಅಳತೆ) ಕಾರ್ಡೋಮಾಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಸೈನಸ್ಸಿನ ಗಾಳಿ ಇಪಿಐ ಎಂಬ ಮಾಮೂಲಿ ವೇಗದ ವಿಧಾನದ ಡಿಫ್ಯೂಷನ್ ಚಿತ್ರವನ್ನು ಸೊಟ್ಟ ಮಾಡುವುದರಿಂದ, ಇಪಿಐ ಅಲ್ಲದ ವಿಧಾನ ಸೆಂಟರ್‌ನಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಈ ಸ್ಕ್ಯಾನ್‌ನ ದೊಡ್ಡ ಕೊರತೆ, ಸುಣ್ಣದ ಕಲೆಗಳೂ ತೆಳು ಮೂಳೆಯೂ ಸರಿಯಾಗಿ ಕಾಣದಿರುವುದು. 1 ಮಿ.ಮೀ.ಗಿಂತ ತೆಳುವಾದ ಸ್ಲೈಸ್‌ಗಳ ಬೋನ್ ವಿಂಡೋ ಸಿಟಿ (ಮೂಳೆ ಸ್ಪಷ್ಟವಾಗಿ ಕಾಣುವಂತೆ ಹೊಂದಿಸಿದ ಸಿಟಿ ಸ್ಕ್ಯಾನ್) ಜೊತೆಗಿಲ್ಲದೆ ಬಂದ ರಿಪೋರ್ಟ್ ಅರ್ಧ ರಿಪೋರ್ಟೇ. ಉಂಗುರ, ಕಮಾನಿನಂಥ ಸುಣ್ಣದ ಗೆರೆಗಳು ಕಾಂಡ್ರೋಸಾರ್ಕೋಮಾದ ಕಡೆ ಬೆರಳು ಮಾಡುತ್ತವೆ. ಕಾರ್ಡೋಮಾದಲ್ಲಿ ಕಾಣುವುದು ಹೆಚ್ಚಾಗಿ ಮುರಿದ ಮೂಳೆಯ ಚೂರುಗಳು. ಇಷ್ಟಾದರೂ ಖಚಿತವಾಗುವುದು ಬಯಾಪ್ಸಿಯಲ್ಲಿ: ಬ್ರಾಕಿಯೂರಿ ಎಂಬ ಪ್ರೋಟೀನ್‌ನ ಸ್ಟೇನ್ (ಬಣ್ಣ) ಹಿಡಿದರೆ ಕಾರ್ಡೋಮಾ.

ಫಿಲ್ಮ್ ಮಾತ್ರ ತೆಗೆದುಕೊಂಡು ಬರಬೇಡಿ. ಎಲ್ಲ ಸ್ಲೈಸ್‌ಗಳಿರುವ ಡೈಕಾಮ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್) ಸಿಡಿ ಕೇಳಿ ಪಡೆಯಿರಿ. ಆಪರೇಷನ್ ವೇಳೆ ಸರ್ಜನ್‌ಗೆ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ಹಾಕುವುದು ಅದನ್ನೇ.